ದೊಡ್ಡಮ್ಮನ ಒಳಗಿನ ನಕ್ಷೆ

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಗೇಟಿನ ಬಳಿ ಅರ್ಧ ಗಂಟೆ ನಿಂತು ನೋಡಿ. ಔಷಧಿ ಚೀಟಿಯನ್ನು ಜನ ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಳ್ಳುತ್ತಾರೆ. ಸ್ಕ್ಯಾನಿಂಗ್ ಲಕೋಟೆಯನ್ನು ಮಾತ್ರ ಲಗ್ನಪತ್ರಿಕೆಯಂತೆ ಎರಡು ಕೈಯಲ್ಲಿ ಹಿಡಿದು ಬರುತ್ತಾರೆ. ಅದರಲ್ಲೂ ಅಂತಸ್ತುಗಳಿವೆ. ಎಕ್ಸ್‌ರೇ ಎಂದರೆ ಅಷ್ಟಕ್ಕಷ್ಟೆ. ಸಿ.ಟಿ. ಎಂದರೆ ಸ್ವಲ್ಪ ಗೌರವ. ಎಂ.ಆರ್.ಐ. ಎಂದ ಕೂಡಲೇ ಮನೆಯವರೆಲ್ಲ ತಣ್ಣಗಾಗುತ್ತಾರೆ. ದುಡ್ಡು ಹೆಚ್ಚಿದಷ್ಟೂ ಚಿತ್ರ ಹೆಚ್ಚು ನಿಜ ಹೇಳುತ್ತದೆಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಲಸೂರಿನ ಒಂದು ಮನೆಗೆ 2024ರಲ್ಲಿ ಇದನ್ನು ಎಂಟು ವಾರಗಳೊಳಗೆ ಅರ್ಥ ಮಾಡಿಕೊಳ್ಳುವ ಪ್ರಸಂಗ ಬಂತು.

ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯ ಆ ಮನೆಯಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳಿದ್ದಾಳೆ. ಭೌತಶಾಸ್ತ್ರದಲ್ಲಿ ಚುರುಕು. ಬಿ.ಸಿ.ಎ. ಮಾಡಿದ್ದರೆ ಇಷ್ಟು ಹೊತ್ತಿಗೆ ಕೆಲಸದ ದಾರಿಯಾದರೂ ಕಾಣುತ್ತಿತ್ತು ಎಂಬುದು ಅವಳ ತಾಯಿಯ ದಿನನಿತ್ಯದ ಸುಪ್ರಭಾತ. ತಾಯಿಯ ಅಕ್ಕ, ಅಂದರೆ ಹುಡುಗಿಯ ದೊಡ್ಡಮ್ಮ, ಕೆ.ಆರ್. ಪುರದವರು. ದೊಡ್ಡಪ್ಪ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತರಾದವರು. 1948ರಲ್ಲಿ ಆರಂಭವಾದ ಈ ಕಾರ್ಖಾನೆಯ ಟೆಲಿಫೋನುಗಳು ಒಂದು ಕಾಲಕ್ಕೆ ದೇಶದ ಮನೆಮನೆಗಳಲ್ಲಿ ಗಂಟೆ ಬಾರಿಸುತ್ತಿದ್ದವು. ಇಂದಿಗೂ ದೊಡ್ಡಪ್ಪನವರ ಜೇಬಿನಲ್ಲಿ ಪೆನ್ನಿನ ಪಕ್ಕ ಚೂಪಾದ ಪೆನ್ಸಿಲ್ ಒಂದಿರುತ್ತದೆ.

ದೊಡ್ಡಮ್ಮನಿಗೆ ಮುಟ್ಟು ನಿಂತು ಏಳೆಂಟು ವರ್ಷವಾಗಿತ್ತು. ಮತ್ತೆ ರಕ್ತ ಕಾಣಿಸಿದಾಗ ಅವರು ಯಾರಿಗೂ ಹೇಳಲಿಲ್ಲ. ಶ್ರಾವಣ ಮುಗಿಯಲಿ ಎಂದರು, ಮೊಮ್ಮಗನ ನಾಮಕರಣವಾಗಲಿ ಎಂದರು. ತಂಗಿ ಒಂದು ದಿನ ಸೀರೆಯ ಮೇಲಿನ ಕಲೆ ಕಂಡು, ಮಾತಿಗೆ ಅವಕಾಶ ಕೊಡದೆ ಆಟೋ ಹತ್ತಿಸಿ ಬೌರಿಂಗ್‌ಗೆ ಕರೆತಂದರು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಗರ್ಭಕಂಠದ ಕ್ಯಾನ್ಸರ್. ಗರ್ಭಕೋಶದ ಬಾಯಿಯನ್ನು ದಾಟಿ ಪಕ್ಕದ ಅಂಗಾಂಶಕ್ಕೆ ಹಬ್ಬಿತ್ತು, ಆದರೆ ಸೊಂಟದ ಮೂಳೆಯ ಗೋಡೆಯನ್ನು ಇನ್ನೂ ಮುಟ್ಟಿರಲಿಲ್ಲ. ಈ ಹಂತದಲ್ಲಿ ಶಸ್ತ್ರಚಿಕಿತ್ಸೆಗಿಂತ ವಿಕಿರಣವೇ ಮುಖ್ಯ ಮದ್ದು.

ಇದೇನೂ ಅಪರೂಪದ ಕಾಯಿಲೆಯಲ್ಲ. 1973ರಲ್ಲಿ ಹುಟ್ಟಿದ ಕಿದ್ವಾಯಿ ಸಂಸ್ಥೆ ಎಂಬತ್ತರ ದಶಕದ ಆರಂಭದಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕವನ್ನು ಬರೆದಿಡುತ್ತ ಬಂದಿದೆ. ಆ ಮೊದಲ ವರ್ಷಗಳ ಪಟ್ಟಿಯಲ್ಲಿ ಹೆಂಗಸರ ಕ್ಯಾನ್ಸರುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಸ್ತನ ಕ್ಯಾನ್ಸರ್ ಅದನ್ನು ಹಿಂದೆ ಹಾಕಿದ್ದು ಆಮೇಲೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಮಂದಿಗೆ ಇದು ಹೊಸದಾಗಿ ತಗುಲಿತು, 80 ಸಾವಿರದಷ್ಟು ಮಂದಿ ತೀರಿಕೊಂಡರು. ಕಾರಣವಾದ ವೈರಸ್ಸಿಗೆ ಲಸಿಕೆಯಿದ್ದು, 9ರಿಂದ 14 ವರ್ಷದೊಳಗೆ ಹಾಕಿಸಿದರೆ ಹೆಚ್ಚು ಫಲ. ಎಂಟನೇ ತರಗತಿಯಲ್ಲಿರುವ ಚಿಕ್ಕ ಮಗಳಿಗೆ ಹಾಕಿಸಬೇಕೆಂದು ತಾಯಿ ತೀರ್ಮಾನಿಸಿದ್ದು ಬೌರಿಂಗ್‌ನ ಬೆಂಚಿನ ಮೇಲೆ ಕೂತೇ.

ನಮ್ಮ ಕಡೆ ವಿಕಿರಣ ಚಿಕಿತ್ಸೆಯನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು ಇಪ್ಪತ್ತೈದು ಸಲ ಹೊರಗಿನಿಂದ ಕರೆಂಟು. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ. ಅದು ಮುಗಿದ ಮೇಲೆ ‘ಒಳಗಿನ ಕರೆಂಟು’. ಸರಕಾರಿ ಯೋಜನೆಯಲ್ಲಿ ಚಿಕಿತ್ಸೆ ಸಿಕ್ಕ ಆಸ್ಪತ್ರೆ ಊರಿನ ಇನ್ನೊಂದು ಕಡೆ ಇದ್ದುದರಿಂದ ದೊಡ್ಡಮ್ಮ ತಂಗಿಯ ಮನೆಯಲ್ಲೇ ಉಳಿದರು. ಮೊದಲ ದಿನ ಸಿ.ಟಿ. ತೆಗೆದು, ಸೊಂಟದ ಮೇಲೆ ಮೂರು ಚುಕ್ಕೆ ಹಚ್ಚೆ ಹಾಕಿದರು. ದಿನವೂ ಅದೇ ಜಾಗಕ್ಕೆ ಗುರಿಯಿಡಲು ಅದೇ ಗುರುತು. “ನಮ್ಮಜ್ಜಿ ಕೈತುಂಬ ಹಚ್ಚೆ ಹಾಕಿಸ್ಕೊಂಡಿದ್ರು. ನನಗೆ ಬರೀ ಮೂರು ಚುಕ್ಕೆ,” ಎಂದು ದೊಡ್ಡಮ್ಮ ನಕ್ಕಿದ್ದರಂತೆ.

ನಗು ಬಾರದಂತೆ ಮಾಡಿದ್ದು ನೀರು. ಪ್ರತಿ ಸಲವೂ ಅಳತೆ ನೀರು ಕುಡಿದು, ಮೂತ್ರ ತುಂಬಿದ ಮೇಲೆಯೇ ಮಲಗಬೇಕು. ಸರದಿ ತಡವಾದರೆ ಯಾತನೆ. ಯಾಕಪ್ಪಾ ಈ ಶಿಕ್ಷೆ ಎಂದರೆ, ಗರ್ಭಕೋಶ ಮೂತ್ರಕೋಶದ ಮೇಲೆ ಒರಗಿಕೊಂಡಿರುವ ಅಂಗ. ಕೆಳಗಿನ ಚೀಲ ತುಂಬಿದರೆ ಮೇಲಿನದು ಸರಿಯುತ್ತದೆ, ಸಣ್ಣ ಕರುಳೂ ಮೇಲಕ್ಕೆ ಹೋಗಿ ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ. ಚಿತ್ರ ತೆಗೆದ ದಿನ ಒಳಗೆ ಹೇಗಿತ್ತೋ ಇಪ್ಪತ್ತೈದು ದಿನವೂ ಆದಷ್ಟು ಹಾಗೆಯೇ ಇರಬೇಕು. ಎಷ್ಟು ಬೆಲೆಯ ಚಿತ್ರವಾದರೂ ಅದು ಒಂದು ದಿನದ ಒಂದು ಗಳಿಗೆಯದು. ಹೊಟ್ಟೆಯೊಳಗಿನ ಸಂಸಾರ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ. ಇದನ್ನು ಹುಡುಗಿ ಮೊದಲು ಕಲಿತದ್ದು ದೊಡ್ಡಮ್ಮನ ನೀರಿನ ಬಾಟಲಿಯಿಂದ.

ಐದನೇ ವಾರ ಒಂದು ಎಂ.ಆರ್.ಐ. ಆಯಿತು. ಒಳಗಿನ ಕರೆಂಟಿನ ಯೋಜನೆಯನ್ನು ಮಾತ್ರ ಸಿ.ಟಿ. ನೋಡಿ ಮಾಡುತ್ತೇವೆ ಎಂದರು ವೈದ್ಯರು. ಗೊಂದಲ ಶುರುವಾಗಿದ್ದು ಇಲ್ಲೇ. ಇಂದಿರಾನಗರದಲ್ಲಿರುವ ದೊಡ್ಡಪ್ಪನ ತಮ್ಮನ ಮಗ ಓದಿಕೊಂಡವನು, ಕಂಪನಿಯಲ್ಲಿ ಒಳ್ಳೆಯ ಕೆಲಸದಲ್ಲಿರುವವನು. ರಾತ್ರಿಯೆಲ್ಲ ಕಂಪ್ಯೂಟರಿನಲ್ಲಿ ಹುಡುಕಿ, ಬೆಳಿಗ್ಗೆ ಓಡಿ ಬಂದ. “ದೊಡ್ಡಪ್ಪ, ಪ್ರಪಂಚದಲ್ಲೆಲ್ಲ ಇದಕ್ಕೆ ಎಂ.ಆರ್.ಐ.ನೇ ಸರಿ ಅಂತಾರೆ. ಇವರು ಸಿ.ಟಿ.ಲಿ ಮುಗಿಸ್ತಾ ಇದ್ದಾರೆ. ಬೇರೆ ಆಸ್ಪತ್ರೆಗೆ ಹೋಗೋಣ. ಹತ್ತು ಹನ್ನೆರಡು ದಿನ ಆಗಬಹುದು, ದುಡ್ಡು ನಾನು ನೋಡ್ಕೋತೀನಿ.” ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದೊಡ್ಡಪ್ಪ ಬ್ಯಾಂಕಿನ ಠೇವಣಿ ಮುರಿಯುವ ಯೋಚನೆಗೂ ಬಂದುಬಿಟ್ಟರು. ಅವರಿಗೆ ಪ್ರಶ್ನೆ ಒಂದೇ: ಕಡಿಮೆ ಬೆಲೆಯ ಚಿತ್ರ ನೋಡಿ ಹೆಂಡತಿಗೆ ಕಡಿಮೆ ಚಿಕಿತ್ಸೆ ಕೊಡುತ್ತಿದ್ದಾರೆಯೇ?

“ಊಹೆ ಮಾಡೋ ಬದಲು ಕೇಳೋಣ ಬಾ ದೊಡ್ಡಪ್ಪ,” ಎಂದಳು ಹುಡುಗಿ.

ವಿಕಿರಣ ವಿಭಾಗದಲ್ಲಿ ವೈದ್ಯರಲ್ಲದೆ ಭೌತವಿಜ್ಞಾನಿಯೂ ಇರಲೇಬೇಕೆಂಬುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಎಷ್ಟು ಕಿರಣ, ಎಲ್ಲಿಗೆ, ಎಷ್ಟು ಸೆಕೆಂಡು ಎಂಬ ಲೆಕ್ಕವೆಲ್ಲ ಅವರ ಪಾಲಿನದು. ಅಲ್ಲಿದ್ದ ಭೌತವಿಜ್ಞಾನಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಊಟದ ವಿರಾಮದಲ್ಲಿ ಇಬ್ಬರನ್ನೂ ಕೂರಿಸಿಕೊಂಡರು. “ಯಜಮಾನ್ರು ಏನು ಕೆಲಸ ಮಾಡ್ತಿದ್ರಿ?” ಎಂದು ಕೇಳಿದರು. ಉತ್ತರ ಕೇಳಿ ಅವರ ಮುಖವರಳಿತು. “ಹಾಗಾದ್ರೆ ನಿಮಗೆ ಹೇಳೋದು ಸುಲಭ.”

ಒಳಗಿನ ಕರೆಂಟು ಎಂದರೆ ಗರ್ಭಕೋಶದೊಳಕ್ಕೆ ಒಂದು ಸಪೂರ ನಳಿಕೆ, ಗರ್ಭಕಂಠಕ್ಕೆ ಒತ್ತಿಕೊಂಡಂತೆ ಎರಡು ಗುಂಡುಗಳು. ಅವನ್ನು ಇಟ್ಟು, ಮೂತ್ರಕೋಶ ಮತ್ತು ಗುದನಾಳ ದೂರ ಸರಿಯುವಂತೆ ಸುತ್ತ ಬಟ್ಟೆ ತುಂಬುತ್ತಾರೆ. ಆಮೇಲೆ ಅಕ್ಕಿಕಾಳಿನಷ್ಟು ಪುಟ್ಟ ವಿಕಿರಣ ಮೂಲವೊಂದು ತಂತಿಯ ತುದಿಯಲ್ಲಿ ನಳಿಕೆಯೊಳಗೆ ಬಂದು, ಹೇಳಿದ ಜಾಗಗಳಲ್ಲಿ ಹೇಳಿದಷ್ಟು ಸೆಕೆಂಡು ನಿಂತು ಹಿಂದಕ್ಕೆ ಹೋಗುತ್ತದೆ. ಅದು ಇರಿಡಿಯಂ ಆಗಿರಬಹುದು, ಕೋಬಾಲ್ಟ್ ಆಗಿರಬಹುದು. ಇರಿಡಿಯಂ 74 ದಿನಕ್ಕೆ ಅರ್ಧವಾಗುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದು ತರಿಸಬೇಕು. ಕೋಬಾಲ್ಟಿಗೆ ಐದು ವರ್ಷಕ್ಕೂ ಮೀರಿದ ಅರ್ಧಾಯುಷ್ಯ. ನಮ್ಮಂಥ ದೇಶದಲ್ಲಿ ಕೋಬಾಲ್ಟ್ ಇಷ್ಟವಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಲ್ಲಿ ಮಿಲಿಮೀಟರಿನ ಬೆಲೆ ದೊಡ್ಡದು. ಪಿಯುಸಿಯಲ್ಲಿ ಓದಿದ ದೂರದ ವರ್ಗದ ನಿಯಮ ಹುಡುಗಿಗೆ ನೆನಪಿತ್ತು. ಮೂಲವನ್ನು ಒಂದು ಬಿಂದುವೆಂದುಕೊಂಡರೆ, 2 ಸೆಂಟಿಮೀಟರ್ ದೂರದಿಂದ ಎರಡೂವರೆಗೆ ಹೋಗುವಷ್ಟರಲ್ಲಿ ತೀವ್ರತೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಳೆದುಹೋಗುತ್ತದೆ. ಗೆಡ್ಡೆಯ ಅಂಚು ಎಲ್ಲಿದೆ, ಕರುಳು ಎಷ್ಟು ಹತ್ತಿರ ಎಂಬುದು ಗೊತ್ತಿಲ್ಲದೆ ಸೆಕೆಂಡುಗಳ ಲೆಕ್ಕ ಹಾಕುವುದು ಹೇಗೆ?

“ಮೊದಲು ಬರೀ ಎಕ್ಸ್‌ರೇನಲ್ಲಿ ಮಾಡ್ತಿದ್ವಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು.”

“ಎಲಿವೇಶನ್ನು, ಸೈಡ್ ವ್ಯೂ,” ಎಂದರು ದೊಡ್ಡಪ್ಪ ಥಟ್ಟನೆ.

ಅದೇ. ಎರಡು ಕಡೆಯಿಂದ ನೋಡಿದರೆ ಒಂದು ಬಿಂದು ಎಲ್ಲಿದೆಯೆಂದು ಲೆಕ್ಕದಿಂದ ಹೇಳಬಹುದು. 1800ರಲ್ಲಿ ಲ್ಯಾಂಬ್ಟನ್ ಸಾಹೇಬ ಬೆಂಗಳೂರಿನ ಈ ಪೂರ್ವದ ಬಯಲಿನಲ್ಲೇ, ಅಗರಂ ಮತ್ತು ಬಾಣಸವಾಡಿಯ ನಡುವೆ ಸರಪಳಿ ಎಳೆದು ಆಧಾರರೇಖೆ ಅಳೆದದ್ದೂ ಇಂಥ ಲೆಕ್ಕಕ್ಕೆ: ಎರಡು ತುದಿಯಿಂದ ಕೋನ ನೋಡಿ, ಕಾಲಿಡದ ಮೂರನೇ ಜಾಗವನ್ನು ಗುರುತಿಸುವುದಕ್ಕೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನಳಿಕೆ ಕಾಣುತ್ತದೆ. ಗೆಡ್ಡೆ ಕಾಣುವುದಿಲ್ಲ. ಅದಕ್ಕೇ 1938ರಲ್ಲಿ ಮ್ಯಾಂಚೆಸ್ಟರಿನ ಟಾಡ್ ಮತ್ತು ಮೆರೆಡಿತ್ ಎಂಬಿಬ್ಬರು ಒಂದು ಒಪ್ಪಂದಕ್ಕೆ ಬಂದರು. ನಿಗದಿತ ಜಾಗದಿಂದ 2 ಸೆಂಟಿಮೀಟರ್ ಮೇಲೆ, 2 ಸೆಂಟಿಮೀಟರ್ ಪಕ್ಕಕ್ಕೆ ‘ಎ ಬಿಂದು’ ಎಂದು ಗುರುತಿಸಿ, ಅಲ್ಲಿಗೆ ತಲುಪುವ ಕಿರಣವನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಮೂತ್ರಕೋಶಕ್ಕೊಂದು ಬಿಂದು, ಗುದನಾಳಕ್ಕೊಂದು ಬಿಂದು ಎಂದು 1985ರಲ್ಲಿ ಅಂತರರಾಷ್ಟ್ರೀಯ ವರದಿಯೊಂದು ಗೊತ್ತುಮಾಡಿತು. ಎಲ್ಲರಿಗೂ ಒಂದೇ ಅಳತೆಯ ರವಿಕೆ ಹೊಲಿದಂತೆ ಇದು. ಕೆಲವರಿಗೆ ಬಿಗಿ, ಕೆಲವರಿಗೆ ಸಡಿಲ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಈ ರವಿಕೆ ತೊಟ್ಟೇ ಲಕ್ಷಾಂತರ ಹೆಂಗಸರು ಬದುಕಿ ಮನೆಗೆ ಹೋಗಿದ್ದಾರೆ.

ಸಿ.ಟಿ. ಎಂದರೆ ಅಡ್ಡಡ್ಡ ಕತ್ತರಿಸಿದ ನೋಟ. “ಸೆಕ್ಷನ್,” ಎಂದರು ದೊಡ್ಡಪ್ಪ. ನಳಿಕೆ ಒಳಗಿರುವಾಗಲೇ ಕೆಲವೇ ನಿಮಿಷದಲ್ಲಿ ತೆಗೆಯಬಹುದು. ಮೂತ್ರಕೋಶ, ಗುದನಾಳ, ಕರುಳು ಸ್ಪಷ್ಟವಾಗಿ ಕಾಣುತ್ತವೆ. ಕೊರತೆ ಒಂದೇ: ಗರ್ಭಕಂಠದ ಒಳ್ಳೆಯ ಮಾಂಸ, ಕೆಟ್ಟ ಗೆಡ್ಡೆ ಎರಡೂ ಅದರಲ್ಲಿ ಒಂದೇ ಬೂದು ಬಣ್ಣ. 2007ರಲ್ಲಿ ಪ್ರಕಟವಾದ, ಹತ್ತೇ ರೋಗಿಗಳ ಮೇಲಿನ ಒಂದು ಹೋಲಿಕೆಯಲ್ಲಿ ಇದು ಚೆನ್ನಾಗಿ ಕಂಡಿತು. ಸಿ.ಟಿ. ನೋಡಿ ಬರೆದ ಗೆಡ್ಡೆಯ ಗಡಿ ಎಂ.ಆರ್.ಐ. ನೋಡಿ ಬರೆದದ್ದಕ್ಕಿಂತ ಅಗಲವಾಗಿತ್ತು. ಪಕ್ಕದ ಅಂಗಗಳ ಲೆಕ್ಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

“ಅಗಲ ಬರೆದ್ರೆ ಒಳ್ಳೇದೇ ಅಲ್ವೇ ಮೇಡಂ? ಏನೂ ಬಿಟ್ಟುಹೋಗಲ್ಲ.”

“ಗೆಡ್ಡೆಗೆ ಒಳ್ಳೇದು. ಪಕ್ಕದ ಕರುಳಿನ ಹತ್ತಿರ ಹೋಗಿ ಕೇಳಿ,” ಎಂದರಾಕೆ.

ಎಂ.ಆರ್.ಐ.ಯಲ್ಲಿ ಗರ್ಭಕಂಠದ ಆರೋಗ್ಯವಂತ ಪದರ ಕಪ್ಪಗೆ, ಗೆಡ್ಡೆ ಬಿಳಿಚಿಕೊಂಡಂತೆ ಬೇರೆಯಾಗಿ ಕಾಣುತ್ತದೆ. ಗೆಡ್ಡೆಯ ಗುರುತಿಗೆ ಅದನ್ನು ಮೀರಿಸಿದ್ದಿಲ್ಲ. 2005, 2006ರಲ್ಲಿ ಯುರೋಪಿನ ತಜ್ಞರು ಇದನ್ನೇ ಆಧರಿಸಿ ಹೊಸ ಪದ್ಧತಿಯ ಶಿಫಾರಸು ಬರೆದರು. ಒಂದು ಬಿಂದುವಿನ ಬದಲು ಉಳಿದ ಗೆಡ್ಡೆಯ ಪೂರ್ತಿ ಗಾತ್ರಕ್ಕೆ ಲೆಕ್ಕ. ಮೂತ್ರಕೋಶ, ಗುದನಾಳಗಳಲ್ಲಿ ಅತಿ ಹೆಚ್ಚು ಕಿರಣ ಬೀಳುವ 2 ಸಿ.ಸಿ. ಭಾಗಕ್ಕೆ, ಅಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ ಜಾಗಕ್ಕೆ, ಮಿತಿ. ಈ ದಾರಿಯಲ್ಲಿ ನಡೆದ ‘ಎಂಬ್ರೇಸ್’ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. 1,300ಕ್ಕೂ ಹೆಚ್ಚು ಹೆಂಗಸರು. ಐದು ವರ್ಷದ ಹೊತ್ತಿಗೆ ಶೇಕಡಾ 92 ಮಂದಿಯಲ್ಲಿ ರೋಗ ಆ ಜಾಗದಲ್ಲಿ ಹತೋಟಿಯಲ್ಲಿತ್ತು. ಮುಂಬಯಿಯ ಟಾಟಾ ಆಸ್ಪತ್ರೆಯೂ ಅದರಲ್ಲಿ ಭಾಗಿ.

ಇಂದಿರಾನಗರದ ಹುಡುಗ ಓದಿದ್ದು ಈ 92ನ್ನೇ. ಅವನು ಓದದೆ ಬಿಟ್ಟದ್ದೂ ಇದೆ. ಆ ಅಧ್ಯಯನದಲ್ಲಿ ಸಿ.ಟಿ.ಯ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಚಿತ್ರ ಚೆನ್ನಾಗಿತ್ತು ನಿಜ; ಅದರ ಜೊತೆಗೆ ನುರಿತ ಕೈಗಳಿದ್ದವು, ಬೇಕಾದವರಿಗೆ ಹೆಚ್ಚುವರಿ ಸೂಜಿಗಳಿದ್ದವು, ಪ್ರತಿ ಹೆಜ್ಜೆಗೂ ಕಟ್ಟುನಿಟ್ಟಿತ್ತು. 92ರಲ್ಲಿ ಯಾವುದರ ಪಾಲೆಷ್ಟು ಎಂದು ಬೇರ್ಪಡಿಸಲು ಅದೊಂದರಿಂದಲೇ ಆಗುವುದಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದೇ ಸಲ ಎರಡು ಅಂಶ ಬದಲಿಸಿದರೆ ಮೇಷ್ಟ್ರು ರೆಕಾರ್ಡಿಗೆ ಸಹಿ ಹಾಕುವುದಿಲ್ಲವಲ್ಲ, ಹಾಗೆ.

ಇನ್ನು ಎಂ.ಆರ್.ಐ.ಯ ಕಷ್ಟಗಳು. ಉಕ್ಕಿನ ನಳಿಕೆ ಇಟ್ಟುಕೊಂಡು ಆ ಯಂತ್ರದೊಳಗೆ ಹೋಗುವಂತಿಲ್ಲ, ಬೇರೆಯದೇ ಬೇಕು. ನಳಿಕೆ ಇಟ್ಟ ಹೆಂಗಸನ್ನು ಸ್ಟ್ರೆಚರ್‌ನಲ್ಲಿ ಇನ್ನೊಂದು ಕಟ್ಟಡಕ್ಕೆ ಸಾಗಿಸಿ, ಅಲ್ಲಾಡದಂತೆ ಮಲಗಿಸಿ, ಮತ್ತೆ ಕರೆತರಬೇಕು. ದಾರಿಯಲ್ಲಿ ನಳಿಕೆ ಜರುಗಿದರೆ ಚಿತ್ರ ಒಂದು ಹೇಳುತ್ತದೆ, ಒಳಗೆ ಇನ್ನೊಂದಿರುತ್ತದೆ. ಆದ್ದರಿಂದ ಎಷ್ಟೋ ಕಡೆ ಮೊದಲ ಸಲ ಎಂ.ಆರ್.ಐ., ಉಳಿದ ಸಲ ಸಿ.ಟಿ. ಎಂಬ ಜಾಣ ರಾಜಿಯುಂಟು. ಎಲ್ಲಕ್ಕಿಂತ ಅಗ್ಗದ ಅಲ್ಟ್ರಾಸೌಂಡನ್ನೂ ಮರೆಯಬಾರದು. ನಳಿಕೆ ಇಡುವ ಕೋಣೆಯಲ್ಲೇ ಅದು ನಿಂತಿರುತ್ತದೆ. ನಳಿಕೆ ಗರ್ಭಕೋಶದ ಗೋಡೆ ಚುಚ್ಚಿದರೆ ಆ ಕ್ಷಣವೇ ತಿಳಿಸುತ್ತದೆ. ಮೆಲ್ಬರ್ನಿನಲ್ಲಿ ಅದನ್ನೇ ನಂಬಿ ಯೋಜನೆ ಮಾಡಿದವರಿದ್ದಾರೆ, ಮುಂಬಯಿಯಲ್ಲಿ ಅದನ್ನು ಎಂ.ಆರ್.ಐ. ಜೊತೆ ಹೋಲಿಸಿ ನೋಡಿದವರಿದ್ದಾರೆ.

ಭೌತವಿಜ್ಞಾನಿ ಕೊನೆಗೆ ದೊಡ್ಡಮ್ಮನ ಕಡತ ತೆರೆದರು. ಐದನೇ ವಾರದ ಎಂ.ಆರ್.ಐ.ಯಲ್ಲಿ ಗೆಡ್ಡೆ ಕರಗಿ ನಡುವೆ ಸಣ್ಣದಾಗಿ ಉಳಿದಿತ್ತು. ಪಕ್ಕಕ್ಕೆ ಚಾಚಿದ್ದ ಭಾಗ ಹಿಂದೆ ಸರಿದಿತ್ತು. ಅದರ ಕೆಳಗೆ ಇನ್ನೊಂದು ಹಾಳೆ. ವೈದ್ಯರು ಬೆರಳಿನಿಂದ ಪರೀಕ್ಷಿಸಿದ ದಿನ ಕೈಯಾರೆ ಬರೆದ ಪೆನ್ಸಿಲ್ ಚಿತ್ರ: ಮುಂದಿನಿಂದ, ಪಕ್ಕದಿಂದ, ಅಡ್ಡಲಾಗಿ, ಸೆಂಟಿಮೀಟರಿನ ಗುರುತು ಸಮೇತ. ಮೊದಲ ದಿನದ್ದೊಂದು, ಐದನೇ ವಾರದ್ದೊಂದು. 2018ರಲ್ಲಿ ನಿಯಮ ಬದಲಾಗುವ ತನಕ ಈ ರೋಗದ ಹಂತವನ್ನು ಹೇಳಲು ಬೆರಳ ಸ್ಪರ್ಶವೇ ಮುಖ್ಯ ಆಧಾರವಾಗಿತ್ತು. ಈಗಲೂ ಸಿ.ಟಿ.ಯ ಮೇಲೆ ಗಡಿ ಬರೆಯುವಾಗ ಒಂದು ಪಕ್ಕದಲ್ಲಿ ಆ ಎಂ.ಆರ್.ಐ., ಇನ್ನೊಂದು ಪಕ್ಕದಲ್ಲಿ ಈ ಪೆನ್ಸಿಲ್ ಚಿತ್ರ ಇಟ್ಟುಕೊಳ್ಳುತ್ತಾರೆ. ದೊಡ್ಡಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕೈ ಚೆನ್ನಾಗಿದೆ,” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

“ಪಕ್ಕದಲ್ಲಿ ಇನ್ನೂ ಉಳಿದಿದ್ರೆ ನಾನೇ ನಿಮ್ಮನ್ನ ಎಂ.ಆರ್.ಐ., ಸೂಜಿ ಎರಡೂ ಇರೋ ಕಡೆಗೆ ಕಳಿಸ್ತಿದ್ದೆ ಸರ್. ಇವರಿಗೆ ಈಗ ಬೇಕಾಗಿರೋದು ದಿನಗಳು.”

ದಿನಗಳ ಲೆಕ್ಕ ಹೀಗೆ. ಮೊದಲ ಕರೆಂಟಿನಿಂದ ಕೊನೆಯದರವರೆಗೆ ಎಲ್ಲವೂ ಎಂಟು ವಾರ, 56 ದಿನದೊಳಗೆ ಮುಗಿಯಬೇಕು. ಅದನ್ನು ಮೀರಿದರೆ ಉಳಿದ ಜೀವಕೋಶಗಳು ಚೇತರಿಸಿಕೊಂಡು ಬೆಳೆಯುತ್ತವೆ. ಒಂದೊಂದು ದಿನದ ತಡಕ್ಕೂ ಹತೋಟಿಯ ಸಾಧ್ಯತೆ ಶೇಕಡಾ 1ರ ಆಸುಪಾಸು ಇಳಿಯುತ್ತದೆಂದು ಹಳೆಯ ಅಧ್ಯಯನಗಳು ಹೇಳಿವೆ. ಹೊರಗಿನ ಕರೆಂಟು 33ನೇ ದಿನ ಮುಗಿದಿತ್ತು. ಬೇರೆ ಕಡೆ ಹೋಗಿ ಹನ್ನೆರಡು ದಿನ ಕಳೆದು, ಹೊಸಬರು ಹೊಸದಾಗಿ ಪರೀಕ್ಷಿಸಿ, ನಾಲ್ಕು ಸಲ ಕೊಟ್ಟು ಮುಗಿಸುವ ಹೊತ್ತಿಗೆ ಅರವತ್ತು ದಾಟುವುದು ಖಂಡಿತ.

ಇಷ್ಟಾದರೂ ತೀರ್ಮಾನ ಮಾಡಿದ್ದು ದೊಡ್ಡಮ್ಮನೇ. ಇಂದಿರಾನಗರದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: “ಇನ್ನೊಂದು ಆಸ್ಪತ್ರೆ ಅಂದ್ರೆ ಇನ್ನೊಂದಷ್ಟು ಜನದ ಮುಂದೆ ಬಟ್ಟೆ ಬಿಚ್ಚಬೇಕು ಕಣಪ್ಪ. ಇಲ್ಲಿಯವರಿಗೆ ನನ್ನ ಭಯ ಗೊತ್ತಾಗಿದೆ. ಇಲ್ಲೇ ಮುಗಿಸ್ತೀನಿ.” ಹುಡುಗ ತಲೆ ತಗ್ಗಿಸಿದ. ಒಳಗಿನ ಕರೆಂಟಿಗೆ ಹೆದರಿ ನಡುವೆಯೇ ನಿಲ್ಲಿಸಿ ಮನೆಗೆ ಹೋದರೆ ಹೊರಗಿನ ಇಪ್ಪತ್ತೈದರಿಂದ ಮಾತ್ರ ರೋಗ ವಾಸಿಯಾಗುವುದಿಲ್ಲ. ಅವರು ಹೆದರಿದ್ದರು, ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲ ಸಿ.ಟಿ.ಗೆ ಹೋಗುವಾಗ ಹುಡುಗಿಯ ಕಿವಿಯಲ್ಲಿ ಕೇಳಿದ್ದು ಇಷ್ಟೇ: “ಆ ಫೋಟೋದಲ್ಲಿ ನನ್ನ ಮುಖ ಬರಲ್ಲ ತಾನೆ?”

40, 44, 47, 51ನೇ ದಿನ. ನಾಲ್ಕು ಸಲ, ಪ್ರತಿ ಸಲವೂ ಹೊಸ ಸಿ.ಟಿ., ಏಕೆಂದರೆ ಪ್ರತಿ ಸಲ ನಳಿಕೆ ಕೂರುವ ರೀತಿ ಬೇರೆ. ಎರಡನೇ ಸಲ ಕರುಳಿನ ಕುಣಿಕೆಯೊಂದು ಹತ್ತಿರ ಬಂದದ್ದು ಕಾಣಿಸಿ, ಒಂದು ಜಾಗದಲ್ಲಿ ಮೂಲ ನಿಲ್ಲುವ ಸೆಕೆಂಡುಗಳನ್ನು ಕಡಿಮೆ ಮಾಡಿದರು. ಹಳೆಯ ಎರಡು ಎಕ್ಸ್‌ರೇಗಳಲ್ಲಿ ಇದು ಕಾಣುತ್ತಿರಲಿಲ್ಲ.

ಕೊನೆಯ ದಿನ ದೊಡ್ಡಪ್ಪ ಚೀಟಿಯಲ್ಲಿ ಕೂಡಿಸಿದರು. ಹೊರಗಿನಿಂದ 45 ಗ್ರೇ, ಒಳಗಿನಿಂದ ಏಳರಂತೆ ನಾಲ್ಕು ಸಲ 28, ಒಟ್ಟು 73. ಆಸ್ಪತ್ರೆಯ ಹಾಳೆಯಲ್ಲಿ 84 ಎಂದಿತ್ತು. ತಪ್ಪು ಕಂಡುಹಿಡಿದ ಸಂಭ್ರಮದಲ್ಲಿ ಅದನ್ನು ಭೌತವಿಜ್ಞಾನಿಗೆ ತೋರಿಸಿದರು. ಒಂದೇ ಏಟಿಗೆ ಕೊಟ್ಟ 7 ಗ್ರೇ, ಎರಡೆರಡಾಗಿ ಕೊಟ್ಟದ್ದಕ್ಕಿಂತ ಹೆಚ್ಚು ಬಲವಾಗಿ ತಾಗುತ್ತದೆ, ಆದ್ದರಿಂದ ಪರಿವರ್ತಿಸಿ ಕೂಡಿಸುತ್ತೇವೆ ಎಂದು ಆಕೆ ಸೂತ್ರ ಬರೆದುಕೊಟ್ಟರು. ಹುಡುಗಿ ಮೆಟ್ರೋದಲ್ಲಿ ಹಲಸೂರು ತಲುಪುವುದರೊಳಗೆ ಅದನ್ನು ಬಿಡಿಸಿ 83.9 ತಂದಳು. ಎಂ.ಎಸ್ಸಿ. ಆದ ಮೇಲೆ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಎಲ್ಲೆಲ್ಲಿದೆಯೆಂದು ಆಕೆಯನ್ನೇ ಕೇಳಿ ಬರೆದುಕೊಂಡಿದ್ದಾಳೆ. ಬಿ.ಸಿ.ಎ. ಸುಪ್ರಭಾತ ಸದ್ಯಕ್ಕೆ ನಿಂತಿದೆ.

ಮೂರು ತಿಂಗಳ ಮೇಲೆ ವೈದ್ಯರು ಮತ್ತೆ ಬೆರಳಿನಿಂದ ಪರೀಕ್ಷಿಸಿದರು, ಗಟ್ಟಿ ಏನೂ ಸಿಗಲಿಲ್ಲ. ಒಂದು ಎಂ.ಆರ್.ಐ.ಯನ್ನೂ ಮಾಡಿಸಿದರು, ಅದರಲ್ಲೂ ಕಾಣಲಿಲ್ಲ. ಹೊಸ ಹಾಳೆಯ ಮೇಲೆ ಗರ್ಭಕೋಶದ ಆಕಾರ ಬರೆದು, ಒಳಗೆ ಯಾವ ಗೆರೆಯನ್ನೂ ಎಳೆಯದೆ, ತಾರೀಖು ಹಾಕಿ ಕಡತಕ್ಕೆ ಸೇರಿಸಿದರು. ಮುಂದಿನ ತಪಾಸಣೆಗೆ ಇನ್ನು ಮೂರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ.